ಬಂದವರ ಉಸಿರು

ಸಂಗನಹಟ್ಟಿಯ ಗೋಡೆಗಳಿಗೆ ಮೂಗು ಬಂದ ವರ್ಷ ಊರಿನವರು ಮೊದಲು ನಕ್ಕರು, ಆಮೇಲೆ ಹೆದರಿದರು, ಕೊನೆಗೆ ಮರೆತರು. ನೇಕಾರರ ಊರಿಗೆ ಹೊಸದೇನು ಬಂದರೂ ಆಗುವುದು ಹೀಗೆಯೇ. ಕೈಮಗ್ಗ ಹೋಗಿ ಕರೆಂಟಿನ ಮಗ್ಗ ಬಂದಾಗಲೂ ಇದೇ ಆಗಿತ್ತು ಎಂದು ಹಿರಿಯರು ಹೇಳುತ್ತಿದ್ದರು.

ಆ ಮೂಗಿಗೆ ಸರ್ಕಾರ ಇಟ್ಟ ಹೆಸರು ‘ಶ್ವಾಸ ವಿವೇಚಕ’. ಅಷ್ಟುದ್ದದ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಅಂಗೈಯಷ್ಟೂ ಅಗಲವಿಲ್ಲದ ದುಂಡನೆಯ ವಸ್ತು, ನಡುವೆ ಹಸಿರು ಹರಳಿನಂಥ ದೀಪ. ಮೊದಲ ದಿನವೇ ಯಾವಳೋ ಒಬ್ಬಳು ‘ಗ್ವಾಡಿಗೆ ನತ್ತು ಇಟ್ಟಾರ ನೋಡವಾ’ ಎಂದಳು. ಅಲ್ಲಿಗೆ ನಾಮಕರಣ ಮುಗಿಯಿತು.

ನತ್ತಿನ ಕೆಲಸ ಸರಳವಾಗಿತ್ತು. ಕ್ಷಯದ ಕ್ರಿಮಿ ಶ್ವಾಸಕೋಶದಲ್ಲಿ ಬಿಡಾರ ಹೂಡಿದ ಮೇಲೆ ಸುಮ್ಮನೆ ಕೂರುವುದಿಲ್ಲ. ಉಂಡು, ಬೆಳೆದು, ಮರಿ ಹಾಕಿ, ತನ್ನದೇ ವಾಸನೆಗಳನ್ನು ಬಿಡುತ್ತದೆ. ಅವು ನಮ್ಮ ಮೂಗಿಗೆ ಸಿಗದಷ್ಟು ಸೂಕ್ಷ್ಮ. ಔಷಧಿಗೆ ಬಗ್ಗದ ಕ್ರಿಮಿಯಿದ್ದರೆ ಅದರ ಅಡುಗೆಮನೆಯೇ ಬೇರೆ, ಹೊಗೆಯೂ ಬೇರೆ. ಯಾವ ಮಾತ್ರೆ ನಾಟುತ್ತದೆ, ಯಾವುದು ನಾಟುವುದಿಲ್ಲ ಎಂಬುದನ್ನೂ ನತ್ತು ಆ ಹೊಗೆಯಿಂದಲೇ ಹೇಳುತ್ತಿತ್ತು. ಮೊದಲು ಕಫ ಕೊಟ್ಟು ವಾರಗಟ್ಟಲೆ ಕಾದು, ಅಷ್ಟರಲ್ಲಿ ನಾಟದ ಮಾತ್ರೆ ನುಂಗಿ ನುಂಗಿ ಸೊರಗಿ ಹೋದವರು ಆ ಊರಲ್ಲಿ ಬೀದಿಗೊಬ್ಬರಿದ್ದರು. ಅರಳೆಯ ಧೂಳು ಕುಡಿದು ಎಲ್ಲರೂ ಕೆಮ್ಮುವ ಊರಿನಲ್ಲಿ ಯಾರ ಕೆಮ್ಮು ಯಾವುದು ಎಂದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ನತ್ತಿಗೆ ತಿಳಿಯಿತು.

ಆದರೆ ಅದಕ್ಕೆ ಮೊದಲು ಮನೆಯವರ ಪರಿಚಯವಾಗಬೇಕು. ಬೆರಳಿನ ಗೆರೆಯಂತೆ ಪ್ರತಿಯೊಬ್ಬರ ಉಸಿರಿಗೂ ಒಂದು ಗುರುತಿದೆ. ಒಂದು ಸಲ ನತ್ತಿನ ಮುಂದೆ ನಿಂತು, ಶ್ವಾಸಕೋಶದ ತಳದ ಗಾಳಿ ಮೇಲೆ ಬರುವಷ್ಟು ಉದ್ದಕ್ಕೆ ಮಾತಾಡಿದರೆ ಮುಗಿಯಿತು. ಗಂಡಸರದು ಕಷ್ಟವಾಗಲಿಲ್ಲ, ನೂಲಿನ ದರದ ಮಾತು ತೆಗೆದರೆ ಸಾಕು, ಉಸಿರು ಕಟ್ಟುವತನಕ ಬೈಯುತ್ತಿದ್ದರು. ಪೇಚಾದದ್ದು ಹೆಂಗಸರದು. ಮಾವ, ಭಾವ ಎಲ್ಲ ಕೂತಿರುವ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಾತಾಡು ಎಂದರೆ ಸೆರಗು ತಾನಾಗಿ ಬಾಯಿಗೆ ಬರುತ್ತಿತ್ತು.

ಅದಕ್ಕೆ ಉಪಾಯ ಹೇಳಿದವಳು ಶಾಕಾಂಬರಿ. ಅದೇ ಊರಿನ ನೇಕಾರರ ಮಗಳು. ಸೂಕ್ಷ್ಮಜೀವಿ ವಿಜ್ಞಾನ ಓದಿ, ಜಿಲ್ಲೆಯ ನತ್ತುಗಳೆಲ್ಲ ಮೂಸಿದ್ದನ್ನು ನೋಡುವ ನಿಯಂತ್ರಣ ಕೋಣೆಯಲ್ಲಿ ಕೆಲಸಕ್ಕಿದ್ದಳು. ‘ಏನರೆ ಮಾತಾಡ್ರಿ ಅಂದ್ರ ಯಾರ ಮಾತಾಡ್ತಾರ? ಒಡಪು ಹಚ್ಚಿ ಗಂಡನ ಹೆಸರು ಹೇಳ್ರಿ ಅನ್ರಿ, ನೋಡ್ರಿ ಆಮ್ಯಾಲ’ ಎಂದಳು. ಗಂಡನ ಹೆಸರನ್ನು ಬರಿದೆ ಹೇಳುವಂತಿಲ್ಲ. ಪ್ರಾಸ ಕಟ್ಟಿ, ಅದರೊಳಗೆ ಹೆಸರನ್ನು ಹುದುಗಿಸಿ, ಒಂದೇ ಉಸಿರಿಗೆ ಹೇಳಿ ಮುಗಿಸಬೇಕು. ಮದುವೆ, ಸೀಮಂತಗಳಲ್ಲಿ ಒಬ್ಬರನ್ನೊಬ್ಬರು ಕೆಣಕಿ ಹೇಳಿಸಿಕೊಂಡವರಿಗೆ ನತ್ತಿನ ಮುಂದೆ ಹೇಳುವುದೇನು ಮಹಾ! ನಾಚಿ ನಿಂತವರೇ ಸಾಲುಗಟ್ಟಿದರು. ಮೇಲಧಿಕಾರಿ ಡಾಕ್ಟರ್ ವಾಮನ ಶೇಟ್ ಹೊನ್ನಾವರದ ಕಡೆಯವರು. ಅವರಿಗೆ ಒಡಪು ಎಂದರೆ ಏನೆಂದೇ ಗೊತ್ತಿರಲಿಲ್ಲ. ಆದರೂ ಜಿಲ್ಲೆಗೆಲ್ಲ ಅದನ್ನೇ ಕ್ರಮ ಮಾಡಿದರು. ಶಾಕಾಂಬರಿಗೆ ಕೋಡು ಮೂಡಿತು. ಮೂಡದೆ ಏನು, ವಯಸ್ಸೇ ಅಂಥದು.

*

ಬೇಸಿಗೆಯ ಬಿಸಿಲು ಏರತೊಡಗಿದ ಒಂದು ಬೆಳಿಗ್ಗೆ ಅವಳ ಎದುರಿನ ಪರದೆಯಲ್ಲಿ ಸಂಗನಹಟ್ಟಿಯ ಒಂದು ಮನೆ ಕೆಂಪಾಯಿತು. ಅದು ಅವಳದೇ ಮನೆ.

‘ಬಂದವರಲ್ಲಿ ಒಬ್ಬರು. ಔಷಧಿಗೆ ಬಗ್ಗದ ಕ್ಷಯ. ಸಂಕೇತ ಕ್ಷೀಣ.’ ಪರದೆ ಹೇಳಿದ್ದು ಇಷ್ಟೇ.

ಮನೆಯವರು ನಾಲ್ಕು ಜನ: ಅಪ್ಪ ಗುರುಸಿದ್ದಪ್ಪ, ಅವ್ವ ಈರವ್ವ, ತೀರಿಕೊಂಡ ಅಣ್ಣ ಮಲ್ಲೇಶಿಯ ಹೆಂಡತಿ ಸುಗಲಾ, ಮತ್ತು ಶಾಕಾಂಬರಿ. ನಾಲ್ವರ ಹೆಸರೂ ಹಸಿರಾಗಿಯೇ ಇದ್ದವು. ಗುರುತು ಕೊಡದ ಉಸಿರುಗಳನ್ನೆಲ್ಲ ನತ್ತು ‘ಬಂದವರು’ ಎಂಬ ಒಂದೇ ಗಂಟಿಗೆ ಹಾಕುತ್ತಿತ್ತು. ಬಂದವರು ಯಾರು, ಎಷ್ಟು ಹೊತ್ತು ಕೂತರು ಎಂಬುದನ್ನು ಅದು ಇಟ್ಟುಕೊಳ್ಳುವಂತಿರಲಿಲ್ಲ. ನೆಂಟರ ಮೇಲೆ ಗೂಢಚಾರಿಕೆ ಮಾಡುವ ಗೋಡೆ ಬೇಡವೆಂದು ಜನ ಗಲಾಟೆ ಮಾಡಿ ಅಂಥ ಕಾನೂನು ತಂದಿದ್ದರು. ಒಳ್ಳೆಯ ಕಾನೂನೇ.

ಶೇಟ್ ಕನ್ನಡಕವನ್ನು ಹಣೆಗೇರಿಸಿ ನೋಡಿದರು. ‘ಅಲ್ಲ ಮಾರಾಯ್ತಿ, ಇದು ನಿಮ್ಮ ಮನೆಯೇ ಅಲ್ವಾ?’

‘ಹೌದ್ರಿ ಸರ್.’

‘ಮನೆಯವರಿಗೆ ಏನಿಲ್ಲ, ಅದೊಂದು ಪುಣ್ಯ. ಬಂದು ಹೋಗುವವರು ಯಾರೆಂದು ಹುಡುಕಿ. ಇದು ಸಾದಾ ಕ್ಷಯ ಅಲ್ಲ, ಮೊದಲ ಸಾಲಿನ ಮಾತ್ರೆ ಯಾವುದೂ ನಾಟೂದಿಲ್ಲ. ತಡ ಮಾಡಿದರೆ ಆ ಮನುಷ್ಯ ಉಳಿಯೂದಿಲ್ಲ. ಉಳಿಯುವಷ್ಟು ದಿನ ಊರಿಗೂ ಹಂಚ್ತಾನೆ.’

ಸುಗಲಾ ಸಿಗಬೇಕಾದದ್ದು ಆವತ್ತೇ. ಆದರೆ ಶಾಕಾಂಬರಿ ಹೊರಗಿನವರನ್ನು ಹುಡುಕಲು ಹೊರಟಳು.

*

ಗುರುಸಿದ್ದಪ್ಪನ ಮನೆಗೆ ತಪ್ಪದೆ ಬರುತ್ತಿದ್ದವನು ದಸ್ತಗೀರಸಾಬ. ಮಗ್ಗ ರಿಪೇರಿ ಮಾಡುವ ಜಾಬರ್. ಮಗ್ಗ ಕೆಡಲಿ ಬಿಡಲಿ, ಮಧ್ಯಾಹ್ನದ ಚಹಾಕ್ಕೆ ಅವನು ಬರಬೇಕು, ಮಗ್ಗಗಳ ಗದ್ದಲದಲ್ಲಿ ಇಬ್ಬರೂ ಕೈಸನ್ನೆಯಲ್ಲೇ ಊರ ಸುದ್ದಿಯೆಲ್ಲ ಮಾತಾಡಬೇಕು. ಜೊತೆಗೆ ಅವನಿಗೆ ಹಳೆಯ ಕೆಮ್ಮು ಬೇರೆ. ಈರವ್ವನಿಗೆ ಅಷ್ಟು ಸಾಕಾಯಿತು. ಆವತ್ತೇ ಅವನ ಚಹಾದ ಲೋಟ ಬೇರೆಯಾಯಿತು.

ಲೋಟ ಬೇರೆಯಾದದ್ದು ದಸ್ತಗೀರನಿಗೆ ಕೂಡಲೆ ತಿಳಿಯಿತು. ಕುಡಿದು, ತಾನೇ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿದ. ‘ಶಾಕವ್ವಾ, ದವಾಖಾನಿಗೆ ನಾನ ಬರ್ತೀನಿ, ನಡಿ. ನಿಮ್ಮ ನತ್ತಿಗೆ ನಾ ಬ್ಯಾಡಾಗಿದ್ರ ಬ್ಯಾಡ. ನಿಮ್ಮಪ್ಪನ ಮಗ್ಗಕ್ಕ ಬೇಕಾದಾಗ ಹೇಳಿ ಕಳಸ್ರಿ’ ಎಂದ. ನಗುತ್ತಲೇ ಅಂದ. ಆ ನಗೆ ನೋಡಲಾಗದೆ ಗುರುಸಿದ್ದಪ್ಪ ಎದ್ದು ತನ್ನ ಮಗ್ಗದ ಕಾರ್ಖಾನೆಗೆ ಹೋಗಿಬಿಟ್ಟ.

ದಸ್ತಗೀರನ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಅವನದು ಅರಳೆಯ ಕೆಮ್ಮು. ಆದರೆ ಅವನು ಮತ್ತೆ ಚಹಾಕ್ಕೆ ಬರಲಿಲ್ಲ. ಬಳೆಗಾರ್ತಿ ಬರುವುದು ನಿಂತಿತು. ಅಕ್ಕಪಕ್ಕದವರು ಹೊಸ್ತಿಲ ಆಚೆಯೇ ನಿಂತು ಮಾತಾಡಿ ಹೋದರು. ಗುರುಸಿದ್ದಪ್ಪನ ಮನೆಯ ನತ್ತು ಕೆಂಪಾಗಿದೆ ಎಂಬ ಸುದ್ದಿಗೆ ಕಾಲು ಬಂದಿತ್ತು. ಮನೆಗೆ ಮನೆಯವರನ್ನು ಬಿಟ್ಟು ನರಪಿಳ್ಳೆ ಬರದಂತಾದರೂ ಪರದೆಯ ಮೇಲೆ ಅದೇ ಸಾಲು: ಬಂದವರಲ್ಲಿ ಒಬ್ಬರು.

‘ನಿಮ್ಮ ನತ್ತಿಗೇ ನೆಗಡಿ ಆಗಿರಬೇಕು’ ಎಂದರು ಶೇಟ್. ಬದಲಿ ನತ್ತು ಕೊಟ್ಟು ಕಳಿಸಿದರು. ಅದೂ ಅದನ್ನೇ ಹೇಳಿತು. ಶಾಕಾಂಬರಿಗೆ ಊಟ ಸೇರದಾಯಿತು. ಯಾರೋ ಒಬ್ಬರು ತನ್ನ ಮನೆಯೊಳಗೇ ದಿನಕ್ಕಿಷ್ಟು ಸಾಯುತ್ತಿದ್ದಾರೆ, ತನಗೆ ಕಾಣುತ್ತಿಲ್ಲ ಎನ್ನುವುದು ಅವಳನ್ನು ಕೊರೆಯುತ್ತಿತ್ತು.

*

ಭಾನುವಾರ ಬೆಳಿಗ್ಗೆ ಈರವ್ವ ರೊಟ್ಟಿ ಬಡಿಯುತ್ತಿದ್ದಳು. ಶಾಕಾಂಬರಿ ಎದುರಿಗೆ ಕೂತು ಬಿಸಿ ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿಕೊಳ್ಳುತ್ತಿದ್ದಳು. ಸುಗಲಾ ಕಂಡಿಕೆ ಸುತ್ತುವ ರಾಟೆಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು ನೂಲು ಸುತ್ತುತ್ತ ಕೂತಿದ್ದಳು. ಗಂಡ ಹೋದ ಮೇಲೆ ಅವಳ ಮಾತು ಕಡಿಮೆಯಾಗಿತ್ತು. ಈಚೆಗೆ ಮೈಯೂ ಇಳಿದಿತ್ತು. ಚಿಂತೆ ಮಾಡಿ ಸೊರಗಿದ್ದಾಳೆ ಎಂದು ಮನೆಯಲ್ಲಿ ಎಲ್ಲರೂ ತಿಳಿದಿದ್ದರು.

‘ವೈನಿ, ಒಂದು ರೊಟ್ಟಿ ಉಣ್ಣು ಬಾ’ ಎಂದು ಶಾಕಾಂಬರಿ ಅತ್ತಿಗೆಯನ್ನು ಕರೆದಳು.

‘ಹಸಿವಿಲ್ಲವಾ. ಆಮ್ಯಾಲ ಉಣ್ತೀನಿ.’

ಈರವ್ವ ರೊಟ್ಟಿಯನ್ನು ಹಂಚಿನ ಮೇಲೆ ತಿರುವಿದಳು. ‘ಬಿಸಿ ಇದ್ದಾಗ ಉಂಡ್ರ ಅಲ್ಲೇನು ರುಚಿ? ಇಕಿಗೆ ಹೇಳಿ ಸಾಕಾತು.’ ಆಮೇಲೆ ಮಗಳ ಕಡೆ ತಿರುಗಿದಳು. ‘ಆ ಬಾದಾಮಿ ಹುಡುಗನ ಮನಿಯವರು ಮತ್ತ ಹೇಳಿ ಕಳಿಸ್ಯಾರ. ಈ ನತ್ತಿನ ಸುದ್ದಿ ಅವರ ಕಿವಿಗೆ ಬೀಳೂದರೊಳಗ ಹೂಂ ಅಂದುಬಿಡು.’

‘ನಾ ಹೋದ್ರ ನಿಮ್ಮನ್ನ ಯಾರ ನೋಡ್ತಾರ ಅವ್ವಾ?’

‘ಯಾಕ, ಸುಗಲಾ ಇಲ್ಲೇನು? ನೀ ಹುಟ್ಟಿದಾಕಿ. ಹುಟ್ಟಿದಾಕಿ ಇವತ್ತಿಲ್ಲ ನಾಳೆ ಹೋಗಾಕಿ. ಸುಗಲಾ ಬಂದಾಕಿ. ಬಂದಾಕೀನ ಕಡೀತನಕ ಇರಾಕಿ.’

ಈರವ್ವ ಅದನ್ನು ಪ್ರೀತಿಯಿಂದಲೇ ಹೇಳಿದ್ದಳು. ಸೊಸೆಗೆ ಬಂದಾಕಿ ಎನ್ನುವುದು ಆ ಊರಿನ ನಿತ್ಯದ ಮಾತು, ಅದರಲ್ಲಿ ಹೊಸತೇನೂ ಇರಲಿಲ್ಲ. ಆದರೆ ಶಾಕಾಂಬರಿಯ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಕಿಟಕಿಯ ಹತ್ತಿರ ಸುಗಲಾ ಸೆರಗಿನೊಳಗೆ ಸಣ್ಣಗೆ ಕೆಮ್ಮಿದಳು, ಎಲ್ಲರೂ ಕೆಮ್ಮುವ ಹಾಗೆಯೇ.

*

ಮರುದಿನ ಕಚೇರಿಗೆ ಹೋದವಳೇ ಶಾಕಾಂಬರಿ ತನ್ನ ಮನೆಯ ನಾಲ್ಕು ಗುರುತಿನ ಉಸಿರುಗಳನ್ನು ಪರದೆಗೆ ತಂದಳು. ನಾಲ್ಕು ಉದ್ದನೆಯ ಗೆರೆಗಳು. ಅಪ್ಪನದು ಒರಟು. ತನ್ನದು ಪರಿಚಯದ್ದೇ. ಉಳಿದ ಎರಡನ್ನು ಒಂದರ ಮೇಲೊಂದು ಇಟ್ಟಳು. ಏರಿಗೆ ಏರು, ಇಳಿತಕ್ಕೆ ಇಳಿತ ಕೂಡಿ, ಎರಡು ಗೆರೆ ಹೋಗಿ ಒಂದಾಯಿತು.

ಅವಳಿಜವಳಿಗಳಿಗೂ ಒಂದೇ ಉಸಿರು ಇರುವುದಿಲ್ಲ. ಅತ್ತೆ ಸೊಸೆಗೆ ಎಲ್ಲಿಂದ ಬರಬೇಕು?

ಧ್ವನಿಯನ್ನು ನತ್ತು ಉಳಿಸಿಕೊಳ್ಳುತ್ತಿರಲಿಲ್ಲ. ಆದರೆ ಉಸಿರಿನ ಏರಿಳಿತ ನೋಡಿದರೆ ಸಾಕು, ಆ ಗೆರೆಯೊಳಗಿನ ಒಡಪು ಅವಳಿಗೆ ಕೇಳಿಸಿತು. ಈರವ್ವ ಊರಿಗೆಲ್ಲ ಹೆಸರಾದ ಒಡಪುಗಾರ್ತಿ. ಎಲ್ಲಿ ನಿಲ್ಲಬೇಕು, ಎಲ್ಲಿ ಎಳೆಯಬೇಕು ಎಂದು ಅವಳಿಗೇ ಗೊತ್ತು:

ಬನಶಂಕರಿ ಹೊಂಡದಾಗ ಬಾಳಿದಿಂಡಿನ ತೆಪ್ಪ,
ನಮ್ಮ ಮನಿಯ ಯಜಮಾನ್ರು ಸಿಟ್ಟಿನ ಗುರುಸಿದ್ದಪ್ಪ.

ಅದೇ ಒಡಪು, ಎರಡು ಸಲ. ಒಮ್ಮೆ ಈರವ್ವನ ಹೆಸರಿಗೆ, ಇನ್ನೊಮ್ಮೆ ಸುಗಲಾಳ ಹೆಸರಿಗೆ. ಹಾಗಾದರೆ ಇಷ್ಟು ದಿನ ಸುಗಲಾ ಹೆಸರಿನ ಹಸಿರೆಲ್ಲ ಅವ್ವನ ಆರೋಗ್ಯದ್ದು. ಮನೆಯಲ್ಲಿ ಮಲಗಿ ಏಳುವ, ರೊಟ್ಟಿ ತಟ್ಟುವ, ನೂಲು ಸುತ್ತುವ ಸುಗಲಾ ನತ್ತಿನ ಲೆಕ್ಕದಲ್ಲಿ ನೆಂಟಳು.

‘ಸರ್’ ಎಂದಳು ಶಾಕಾಂಬರಿ. ‘ಒಡಪು ಅಂದ್ರ ಗಂಡ ಇದ್ದವರು ಹೇಳೂದು ಸರ್. ಗಂಡ ಸತ್ತವರು ಹೇಳೂದಿಲ್ಲ. ನನಗ ಹೊಳೀಲೇ ಇಲ್ಲ.’

ಶೇಟ್ ಬೈಯುತ್ತಾರೆ ಎಂದುಕೊಂಡಿದ್ದಳು. ಬೈಯಲಿಲ್ಲ. ‘ನನಗಂತೂ ಹೊಳೆಯುವ ಹಾಗೇ ಇರಲಿಲ್ಲ. ಅದಿರಲಿ, ಒಂದು ವಿಷಯ ಕೇಳಿ. ದಿನವಿಡೀ ಮನೆಯಲ್ಲೇ ಇರುವವರ ಸಂಕೇತ ಇಷ್ಟು ಕ್ಷೀಣ ಯಾಕೆ? ಕ್ರಿಮಿ ಉಸಿರಿಗೆ ಬರುವುದು ಶ್ವಾಸಕೋಶದಲ್ಲಿ ಬಿದ್ದ ಗುಂಡಿಗಳಿಂದ. ಗುಂಡಿ ಬೀಳುವುದು ಮೈಯೂ ಕ್ರಿಮಿಯೂ ಹೊಡೆದಾಡುವುದರಿಂದ. ಹೊಡೆದಾಡುವ ಶಕ್ತಿಯೇ ಮೈಯಲ್ಲಿ ಇಲ್ಲದಿದ್ದರೆ ಗುಂಡಿ ಬೀಳೂದಿಲ್ಲ, ಕ್ರಿಮಿ ಸದ್ದಿಲ್ಲದೆ ಮೈಯೆಲ್ಲ ಹಬ್ಬುತ್ತದೆ. ಕಫದಲ್ಲೂ ಸಿಗೂದಿಲ್ಲ, ನತ್ತಿಗೂ ಅರೆಬರೆ. ಇದನ್ನು ನಾವು ಹೆಚ್ಚಾಗಿ ಕಾಣೂದು...’

ಮುಂದಿನದನ್ನು ಅವರು ಹೇಳಬೇಕಾಗಿರಲಿಲ್ಲ. ಅಣ್ಣ ಸೀರೆಯ ಗಂಟು ಹೇರಿಕೊಂಡು ಇಚಲಕರಂಜಿ, ಸೊಲ್ಲಾಪುರ ಎಂದು ತಿಂಗಳುಗಟ್ಟಲೆ ತಿರುಗುತ್ತಿದ್ದದ್ದು, ಕೊನೆಗೆ ಅಲ್ಲಿನ ಆಸ್ಪತ್ರೆಯಲ್ಲೇ ಜ್ವರದಿಂದ ತೀರಿಕೊಂಡದ್ದು ಅವಳಿಗೆ ನೆನಪಾಯಿತು. ಯಾವ ಜ್ವರವೆಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಸತ್ತವನ ಜ್ವರದ ಹೆಸರು ಕಟ್ಟಿಕೊಂಡು ಏನಾಗಬೇಕು ಎಂದು ಅಪ್ಪ ಅಂದಿದ್ದ.

*

ಮಧ್ಯಾಹ್ನದ ಬಸ್ಸಿಗೇ ಅವಳು ಊರಿಗೆ ಬಂದಳು. ಈರವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು.

‘ಅವ್ವಾ, ನತ್ತು ಹಾಕಾಕ ಬಂದಾಗ ವೈನಿ ಪಾಳಿ ಒಡಪೂ ನೀನ ಹೇಳಿದ್ಯಲ್ಲ?’

ಈರವ್ವನ ಕೈ ನಿಂತಿತು. ಸಿಕ್ಕಿಬಿದ್ದವರ ಹಾಗೆ ಮೊದಲು ಸಿಟ್ಟು ಮಾಡಿದಳು. ‘ಹೂಂ, ಹೇಳಿದೆ. ಏನೀಗ? ನತ್ತು ಹಾಕಾಕ ಬಂದಿದ್ದ ಆ ಹುಡುಗಿ, ಅಕ್ಕಾರ ಒಡಪು ಹಚ್ಚಿ ಹೇಳ್ರಿ, ಹೇಳ್ರಿ ಅಂತ ಸುಗಲಾ ಮುಂದ ಕುಣಿದ್ಲು. ಮಲ್ಲೇಶಿ ಹೋಗಿ ಇನ್ನ ವರ್ಷ ತುಂಬಿದ್ದಿಲ್ಲ. ಇಕಿ ಮಾರಿ ನೋಡಿದೆ. ನೆತ್ತರ ಇದ್ದಿದ್ದಿಲ್ಲ ಮಾರ್ಯಾಗ. ಓಣಿ ಹೆಂಗಸರೆಲ್ಲ ನಿಂತು ನೋಡಾಕತ್ತಾರ. ಒಳಗ ಹೋಗು ಅಂತ ಆಕಿನ್ನ ಕಳಿಸಿ, ಸೆರಗು ಮುಂದ ಎಳಕೊಂಡು ನಾನ ಎರಡನೇ ಸಲ ಬಂದೆ. ಆ ಹುಡುಗಿಗೆ ನಾ ಯಾರು, ಆಕಿ ಯಾರು, ಏನ ಗೊತ್ತು? ಒಂದು ಒಡಪು ಹೆಚ್ಚು ಹೇಳಿದ್ರ ನಂದೇನ ಹೋತು?’

‘ವೈನೀದು ಜೀವ ಹೋಗಾಕತ್ತಿತ್ತವ್ವಾ’ ಎಂದಳು ಶಾಕಾಂಬರಿ. ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂತು. ‘ನತ್ತು ಇಷ್ಟು ದಿನ ಹೇಳಾಕತ್ತಿದ್ದು ವೈನೀ ಬಗ್ಗೆ. ಜಡ್ಡು ಆಕಿಗೆ.’

ಒಳಬಾಗಿಲಲ್ಲಿ ಸುಗಲಾ ಕಂಡಿಕೆಯ ಬುಟ್ಟಿ ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಬುಟ್ಟಿಯನ್ನು ನಿಧಾನವಾಗಿ ಕೆಳಗಿಟ್ಟು, ಗೋಡೆಗೆ ಒರಗಿ ಕೂತಳು.

‘ನಿಮ್ಮ ನತ್ತು ಅದೊಂದ ಹೇಳೇತೇನು ಶಾಕೂ? ಇನ್ನೊಂದು ಹೇಳಿಲ್ಲೇನು?’

ಆಮೇಲೆ ಅವಳೇ ಹೇಳಿದಳು. ‘ನಂಗ ಎಚ್‌ಐವಿ ಐತಿ. ನಿಮ್ಮಣ್ಣಂದು. ಅಲ್ಲಿ ದವಾಖಾನ್ಯಾಗ ಡಾಕ್ಟರು ನನ್ನೊಬ್ಬಾಕಿನ್ನ ಕರೆದು ಹೇಳಿದ್ರು, ನನ್ನ ರಕ್ತಾನೂ ನೋಡಿದ್ರು. ಅವ್ವಗ ಹೇಳಬ್ಯಾಡ, ಸಾಯೂತನಕ ಹೇಳಬ್ಯಾಡ ಅಂತ ಅವರು ನನ್ನ ಕೈ ಹಿಡಕೊಂಡು ಆಣಿ ಮಾಡಿಸಿಕೊಂಡ್ರು.’

‘ಮಾತ್ರಿ?’ ಎಂದಳು ಶಾಕಾಂಬರಿ. ‘ಮಾತ್ರಿ ತೊಗೊಳ್ಳಾಕತ್ತಿಲ್ಲೇನು ವೈನಿ?’

‘ತೊಗೊಂತಿದ್ದೆ. ತವರಿಗೆ ಹೋಗ್ತೀನಂತ ಹೇಳಿ ವಿಜಯಪುರಕ್ಕ ಹೋಗಿ ತರ್ತಿದ್ದೆ. ಹ್ವಾದ ವರ್ಷ ನಮ್ಮವ್ವ ತೀರಿಕೊಂಡ್ಲಲ್ಲ. ಆಮ್ಯಾಲ ಏನ ನೆವ ಹೇಳಿ ಹೋಗಲಿ? ಅವ್ವ ಇಲ್ಲದ ತವರಿಗೆ ತಿಂಗಳಾ ತಿಂಗಳಾ ಯಾರ ಹೋಗ್ತಾರ?’

ಶೇಂಗಾದ ಸಿಪ್ಪೆ ಈರವ್ವನ ಉಡಿಯ ತುಂಬ ಇತ್ತು. ಅವಳು ಅದನ್ನು ಕೊಡವಲಿಲ್ಲ. ಸತ್ತ ಮಗನ ಮೇಲೆ ಸಿಟ್ಟು, ಮರುಕ, ನಾಚಿಕೆ ಎಲ್ಲ ಅವಳಿಗೆ ಒಟ್ಟಿಗೆ ಬಂದವು. ‘ಇದೇ ಮನ್ಯಾಗ ನನ್ನ ಮಗ್ಗಲಾಗ ಮಲಗ್ತಿದ್ದಿ. ನನಗರೆ ಹೇಳಬಾರದಾಗಿತ್ತೇನ ಸುಗಲಾ’ ಎಂದಳು.

‘ಹೆಂಗ ಹೇಳ್ಲಿ ಅತ್ತಿ? ಲೋಟ ಬ್ಯಾರೆ ಇಡಾಕ ನಿಮಗ ಎಷ್ಟ ಹೊತ್ತ ಬೇಕು? ದಸ್ತಗೀರ ಕಾಕಾಗ ಇಟ್ಟಿದ್ದು ನಾ ನೋಡೇನಲ್ಲ.’ ಸುಗಲಾ ದನಿ ಏರಿಸಲಿಲ್ಲ. ‘ನೀವು ನನ್ನ ಹೆಸರಿಲೆ ಉಸಿರು ಕೊಟ್ರಿ. ನನ್ನ ಮ್ಯಾಲಿನ ಪ್ರೀತೀಲೆ ಕೊಟ್ರಿ, ಅದು ನಂಗ ಗೊತ್ತೈತಿ. ಆದ್ರ ಮೈಯಾಗ ಹೆಂಗೈತಿ ಅಂತ ಇಷ್ಟು ದಿನದಾಗ ಒಬ್ಬರೂ ಕೇಳಲಿಲ್ಲ. ಬಡಕಾಗೀದಿ ಅಂದ್ರಿ. ಉಣ್ಣು ಅಂದ್ರಿ. ಕೇಳಲಿಲ್ಲ.’

ಈರವ್ವ ಎದ್ದು ಉಡಿಯ ಸಿಪ್ಪೆಯನ್ನು ಹೊರಗೆ ಚೆಲ್ಲಿ ಬಂದಳು. ‘ನಡಿ, ದವಾಖಾನಿಗೆ ಹೋಗೂಣು. ನಾನೂ ಬರ್ತೀನಿ’ ಎಂದಳು.

*

ಸುಗಲಾಳ ಕಫದಲ್ಲಿ ಏನೂ ಸಿಗಲಿಲ್ಲ, ಶೇಟ್ ಹೇಳಿದ ಹಾಗೆಯೇ. ಹಳೆಯ ಕಾಲವಾಗಿದ್ದರೆ ‘ಕ್ಷಯ ಇಲ್ಲ’ ಎಂದು ಕೆಮ್ಮಿನ ಔಷಧಿ ಕೊಟ್ಟು ಮನೆಗೆ ಕಳಿಸುತ್ತಿದ್ದರು. ನತ್ತಿನ ಮಾತು ನಂಬಿ ಡಾಕ್ಟರರು ಕುತ್ತಿಗೆಯ ಗಂಟಿನಿಂದ ಸೂಜಿಯಲ್ಲಿ ದ್ರವ ತೆಗೆದು ನೋಡಿದಾಗ ಕ್ರಿಮಿ ಸಿಕ್ಕಿತು. ಔಷಧಿಗೆ ಬಗ್ಗದ ಅದೇ ಜಾತಿ. ಮೊದಲು ಕ್ಷಯದ ಹೊಸ ಮಾತ್ರೆಗಳನ್ನು ಶುರು ಮಾಡಿ, ಅವು ಮೈಗೆ ಹಿಡಿದ ಮೇಲೆ ಎಚ್‌ಐವಿ ಮಾತ್ರೆಗಳನ್ನೂ ಮತ್ತೆ ಹಚ್ಚಿದರು. ಒಂದರ ಕಾಲಿಗೆ ಇನ್ನೊಂದು ತೊಡರದಂತೆ ನೋಡಿಕೊಳ್ಳಬೇಕು ಎಂದು ಡಾಕ್ಟರರು ತಿಳಿಸಿ ಹೇಳಿದರು. ಇನ್ನೂ ಕೆಲವು ತಿಂಗಳು ಹೀಗೇ ಬಿಟ್ಟಿದ್ದರೆ ಕೈಮೀರುತ್ತಿತ್ತು ಎಂದೂ ಹೇಳಿದರು.

ನಿಯಂತ್ರಣ ಕೋಣೆಯಲ್ಲಿ ಶಾಕಾಂಬರಿ ಕೂತು ಜಿಲ್ಲೆಯ ಗುರುತಿನ ಉಸಿರುಗಳನ್ನೆಲ್ಲ ಜಾಲಾಡಿದಳು. ಒಂದೇ ಗೆರೆ ಎರಡು ಹೆಸರಿಗೆ ಇರುವ ಮನೆಗಳು ಒಂದೊಂದಾಗಿ ಮೇಲೆ ಬಂದವು. ಅತ್ತೆ ಸೊಸೆಗೆ ಕೊಟ್ಟ ಉಸಿರು, ಅಕ್ಕ ತಂಗಿಗೆ ಕೊಟ್ಟ ಉಸಿರು, ಗಂಡ ಬಿಟ್ಟುಹೋದವಳಿಗೆ ನೆರೆಮನೆಯವಳು ಕೊಟ್ಟ ಉಸಿರು. ಪ್ರತಿಯೊಂದರ ಹಿಂದೆಯೂ ಒಂದು ಮರುಕವಿತ್ತು, ಮತ್ತು ಆ ಮರುಕದ ಮರೆಯಲ್ಲಿ ಒಬ್ಬಳು ಲೆಕ್ಕಕ್ಕೆ ಸಿಗದೆ ಉಳಿದಿದ್ದಳು.

‘ಈಗ ಏನು ಹೇಳಿಸುವುದು?’ ಎಂದು ಶೇಟ್ ಕೇಳಿದರು.

‘ನಿನ್ನೆ ಏನ ಅಡಿಗಿ ಮಾಡಿದ್ರಿ, ಹೆಂಗ ಮಾಡಿದ್ರಿ ಅಂತ ಕೇಳೂಣ್ರಿ ಸರ್. ಅದಕ್ಕ ಗಂಡ ಬೇಕಾಗಿಲ್ಲ.’

ಅದು ಒಳ್ಳೆಯದಾಯಿತು. ಬದನೆಕಾಯಿ ಎಣ್ಣೆಗಾಯಿಯ ವರ್ಣನೆಗೆ ಒಡಪಿಗಿಂತ ಉದ್ದನೆಯ ಉಸಿರು ಬೇಕಾಗಿತ್ತು. ಕ್ಷೀಣ ಸಂಕೇತಗಳನ್ನು ಬದಿಗೆ ತಳ್ಳದೆ, ಅವನ್ನೇ ಮೊದಲು ನೋಡಬೇಕೆಂಬ ನಿಯಮವೂ ಬಂತು. ಈ ಸಲ ಶಾಕಾಂಬರಿಗೆ ಕೋಡು ಮೂಡಲಿಲ್ಲ.

ಗುರುಸಿದ್ದಪ್ಪ ಒಂದು ದಿನ ದಸ್ತಗೀರನ ಮನೆಗೆ ತಾನೇ ಹೋಗಿ, ಏನೂ ಹೇಳಲಾರದೆ, ಅವನ ಮನೆಯ ಚಹಾ ಕುಡಿದು ಬಂದ. ಮಾರನೆಯ ದಿನ ದಸ್ತಗೀರ ಬಂದ. ಬಂದವನೇ, ಗಾಳಿಗೆ ನೂಲು ಹರಿಯುತ್ತದೆ ಎಂದು ವರ್ಷಗಟ್ಟಲೆ ಮುಚ್ಚಿಟ್ಟಿದ್ದ ಕಾರ್ಖಾನೆಯ ಕಿಟಕಿಗಳನ್ನು ಸುತ್ತಿಗೆ ತಗೊಂಡು ಬಡಿದು ತೆರೆದ. ‘ನೂಲು ಹರದ್ರ ಗಂಟು ಹಾಕಾಕ ಬರತೈತಿ, ಗುರಸಿದ್ದಾ’ ಎಂದ.

*

ಮಳೆ ಶುರುವಾಗುವ ಹೊತ್ತಿಗೆ ಪರದೆಯ ಮೇಲೆ ಆ ಮನೆಯ ಕೆಂಪು ಹೋಗಿತ್ತು. ಸುಗಲಾಳ ಹೆಸರು ಈಗ ಅವಳದೇ ಉಸಿರಿನಿಂದ ಹಸಿರಾಗಿತ್ತು. ಶೇಟ್ ಪೇಢಾ ತರಿಸಿ ಕೋಣೆಗೆಲ್ಲ ಹಂಚಿದರು. ಶಾಕಾಂಬರಿ ಹಗುರಾಗಿ ಮನೆಗೆ ಬಂದಳು. ಸಂಜೆಯ ಬೆಳಕಿನಲ್ಲಿ ಕಟ್ಟೆಯ ಮೇಲೆ ಅತ್ತೆ ಸೊಸೆ ಕೂತಿದ್ದರು.

‘ವೈನಿ, ಪೂರಾ ಹಸಿರು!’ ಎಂದಳು. ‘ಮಾತ್ರಿ ಇನ್ನೂ ತಿಂಗಳುಗಟ್ಟಲೆ ಬಿಡಂಗಿಲ್ಲ ಮತ್ತ. ಆದ್ರ ಗೆದ್ದಂಗ.’

ಸುಗಲಾ ನಕ್ಕಳು. ಈರವ್ವ ನಗಲಿಲ್ಲ. ಆಸ್ಪತ್ರೆಯಿಂದ ಬಂದ ದಿನದಿಂದ ಅವಳು ಸಂಜೆಯಾದರೆ ಸೊಸೆಯ ಎದುರು ಕೂತು ಅದೊಂದೇ ಪ್ರಶ್ನೆ ಕೇಳುತ್ತಿದ್ದಳು. ಸುಗಲಾ ದಿನವೂ ಅದೊಂದೇ ಉತ್ತರ ಕೊಡುತ್ತಿದ್ದಳು.

‘ಹೆಂಗದೀ ಸುಗಲಾ?’

‘ಆರಾಮ ಅದೀನ್ರಿ ಅತ್ತಿ.’

‘ಆರಾಮ ಅನ್ನೂದು ಓಣಿ ಮಂದಿಗೆ ಹೇಳೂ ಮಾತು. ನಿನ್ನೆ ನೀರು ತರೂ ಮುಂದ ಹೆಜ್ಜಿ ಕಿತ್ತಿಡಾಕ ಹಿಂದಮುಂದ ನೋಡಿದಿ. ನಾ ಕುಂತು ನೋಡೇನಿ. ನಂಗ ಹೇಳು.’

ಸುಗಲಾ ಶಾಕಾಂಬರಿಯ ಕಡೆ ನೋಡಿದಳು, ಅತ್ತೆಯ ಕಡೆ ನೋಡಿದಳು. ‘ಅಂಗಾಲು ಉರೀತಾವ್ರಿ. ರಾತ್ರಿ ಕೆಂಡದ ಮ್ಯಾಲ ಇಟ್ಟಂಗ ಆಗತೈತಿ. ಬೆರಳು ಜೋಮು ಹಿಡದಾವು, ಚಪ್ಪಲಿ ಕಳಚಿ ಬಿದ್ರೂ ಗೊತ್ತಾಗೂದಿಲ್ಲ. ಹೇಳಿದ್ರ ಮಾತ್ರಿ ನಿಲ್ಲಸ್ತಾರೇನೋ ಅಂತ ಸುಮ್ಮನಿದ್ದೆ. ಬದುಕಬೇಕು ಅನಸಾಕತ್ತೇತ್ರಿ ನಂಗ.’

ಶಾಕಾಂಬರಿಗೆ ಕೂಡಲೆ ಗೊತ್ತಾಯಿತು. ಅದು ಹೊಸ ಮಾತ್ರೆಗಳಲ್ಲಿ ಒಂದರ ವಿಷ. ಹಾಗೇ ಬಿಟ್ಟರೆ ಕಾಲಿನ ನರ ಸತ್ತುಹೋಗುತ್ತವೆ. ಆಮೇಲೆ ಯಾರೂ ಸರಿ ಮಾಡಲಾರರು. ಈಗ ತಿಳಿದರೆ ಆ ಒಂದರ ಪ್ರಮಾಣ ಇಳಿಸಬಹುದು, ಉಳಿದವನ್ನು ನಡೆಸಬಹುದು. ಅವಳು ಅಲ್ಲೇ ನಿಂತು ಶೇಟರಿಗೆ ಫೋನು ಹಚ್ಚಿದಳು. ಶೇಟ್ ಆಸ್ಪತ್ರೆಯ ಡಾಕ್ಟರರನ್ನು ಹಿಡಿದು ಕೇಳಿ ತಿರುಗಿ ಫೋನು ಮಾಡಿದರು: ಬೆಳಿಗ್ಗೆಯೇ ಕರೆತನ್ನಿ, ಚಿಕಿತ್ಸೆ ನಿಲ್ಲಿಸುವುದಿಲ್ಲ, ಹೆದರಬೇಡಿ ಎಂದು ಹೇಳಿ.

ಅವಳು ಫೋನಿಟ್ಟು ತಿರುಗಿ ನೋಡಿದಾಗ ಈರವ್ವ ಒಳಗಿನಿಂದ ಕೊಬ್ಬರಿ ಎಣ್ಣೆಯ ಬಟ್ಟಲು ತಂದು ಸೊಸೆಯ ಎದುರು ನೆಲದ ಮೇಲೆ ಕೂತಿದ್ದಳು. ಸುಗಲಾಳ ಎರಡೂ ಕಾಲುಗಳನ್ನು ಎಳೆದು ತನ್ನ ಉಡಿಯಲ್ಲಿ ಇಟ್ಟುಕೊಂಡಳು.

ಸುಗಲಾ ಗಾಬರಿಯಾಗಿ ಕಾಲು ಹಿಂದಕ್ಕೆ ಎಳೆದಳು. ‘ಅತ್ತೀ, ಕಾಲು ಮುಟ್ಟಬ್ಯಾಡ್ರಿ. ನೀವು ಹಿರೇರು. ನೋಡಿದವರು ಏನಂದಾರು?’

‘ನೋಡಿದ್ರ ನೋಡ್ಲಿ’ ಎಂದಳು ಈರವ್ವ. ಬಟ್ಟಲಲ್ಲಿ ಬೆರಳು ಅದ್ದಿಕೊಂಡು, ಸೊಸೆಯ ಅಂಗಾಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ‘ಎಲ್ಲಿ ಉರೀತೈತಿ, ತೋರಸು.’